ಕೆಟ್ಟ ಸೂಪರ್‌ಹೀರೋ ಸಿನಿಮಾಗಳಲ್ಲಿ ಯಾವುದನ್ನು ನೋಡಬಹುದು? ಶನಿವಾರ ಸಂಜೆಗೊಂದು ಹೋಲಿಕೆ

ರಜೆ ಶುರುವಾದಾಗೆಲ್ಲ ಒಂದೇ ಪ್ರಶ್ನೆಯನ್ನು ಜನ ಬೇರೆ ಬೇರೆ ರೀತಿಯಲ್ಲಿ ಕೇಳುತ್ತಾರೆ. "ನಾಲ್ಕು ಜನ ಫ್ರೆಂಡ್ಸ್ ಮೈಸೂರಿನ ಕುವೆಂಪುನಗರದಲ್ಲಿ ಒಬ್ಬರ ಮನೇಲಿ ಸೇರ್ತೀವಿ. ಚೆನ್ನಾಗಿಲ್ಲದ ಸೂಪರ್‌ಹೀರೋ ಸಿನಿಮಾ ಒಂದನ್ನ ಹಾಕಿ ಮಜಾ ಮಾಡೋಣ ಅಂತ. ಯಾವುದು ಹಾಕೋದು?" ಇನ್ನೊಬ್ಬರ ಮನೆಯಲ್ಲಿ ಮಕ್ಕಳೂ ಇರುತ್ತಾರೆ, ಅತ್ತೆ ಮಾವನೂ ಇರುತ್ತಾರೆ. ಮತ್ತೊಬ್ಬರಿಗೆ, ಚೆನ್ನಾಗಿಲ್ಲ ಅಂತ ಗೊತ್ತಿದ್ದೂ ಹೊಸ ಸಿನಿಮಾಕ್ಕೆ ಮಾಲ್‌ಗೆ ಹೋಗಿ ದುಡ್ಡು ಕೊಡಬೇಕಾ ಅನ್ನೋ ಯೋಚನೆ.

ಕೇಳಬೇಕಾದ ಪ್ರಶ್ನೆಯೇ ಇದು. ಕೆಟ್ಟ ಸಿನಿಮಾ ಅಂದ ಮಾತ್ರಕ್ಕೆ ಮಜಾ ಸಿಗುತ್ತದೆ ಅಂತೇನಿಲ್ಲ. ಹೆಚ್ಚಿನವು ಬರೀ ಬೋರು. ಅರ್ಧ ಗಂಟೆ ಆಗುವಷ್ಟರಲ್ಲಿ ಎಲ್ಲರೂ ಮೊಬೈಲ್ ಹಿಡಿದಿರುತ್ತಾರೆ. ಕೆಲವು ಮಾತ್ರ ಹಾಗಲ್ಲ. ಕಥೆ ಹಳ್ಳ ಹಿಡಿದಿರುತ್ತದೆ, ಗ್ರಾಫಿಕ್ಸ್ ಕೈಕೊಟ್ಟಿರುತ್ತದೆ, ಆದರೂ ಎದ್ದು ಹೋಗಲು ಮನಸ್ಸಾಗುವುದಿಲ್ಲ. ಈ ಎರಡು ಜಾತಿಯನ್ನು ಮೊದಲೇ ಬೇರೆ ಮಾಡಿಕೊಂಡರೆ ಸಂಜೆ ಹಾಳಾಗುವುದಿಲ್ಲ.

ನಾನು ಮೊದಲು ನೋಡುವುದು, ಸಿನಿಮಾ ಮಾಡಿದವರಿಗೆ ಏನಾದರೂ ಆಸೆ ಇತ್ತಾ ಅಂತ. ಏನೋ ಹೇಳಬೇಕು, ಏನೋ ತೋರಿಸಬೇಕು ಅಂತ ಜೀವ ಬಿಟ್ಟು ಕೆಲಸ ಮಾಡಿ ಸೋತವರ ಸಿನಿಮಾ ಒಂದು. ಯಾರಿಗೂ ಏನೂ ಬೇಕಿರಲಿಲ್ಲ, ಒಪ್ಪಂದ ಇತ್ತು, ಬಿಡುಗಡೆ ತಾರೀಕು ಇತ್ತು, ಅದಕ್ಕೆ ಮಾಡಿ ಮುಗಿಸಿದರು ಅನ್ನುವ ಸಿನಿಮಾ ಇನ್ನೊಂದು. ಮೊದಲನೆಯದರಲ್ಲಿ ಪ್ರತಿ ತಪ್ಪಿನ ಹಿಂದೆಯೂ ಒಬ್ಬ ಮನುಷ್ಯನ ಪ್ರಯತ್ನ ಕಾಣುತ್ತದೆ. ನಗು ಬರುತ್ತದೆ, ಜೊತೆಗೆ ಪ್ರೀತಿಯೂ ಹುಟ್ಟುತ್ತದೆ. ಎರಡನೆಯದರಲ್ಲಿ ನಗುವುದಕ್ಕೂ ಏನೂ ಸಿಗುವುದಿಲ್ಲ.

ಎರಡನೆಯದು, ತಪ್ಪು ಕಣ್ಣಿಗೆ ಕಾಣುವಂಥದ್ದಾ? ಚಿತ್ರಕಥೆಯ ದೋಷವನ್ನು ಪಕ್ಕದವರಿಗೆ ವಿವರಿಸಬೇಕು. ಸೆಟ್ಟಿನ ಪರದೆ ಮಡಿಕೆ ಬಿದ್ದಿದ್ದರೆ ಬೆರಳು ತೋರಿಸಿದರೆ ಸಾಕು. ಈ ವಿಷಯದಲ್ಲಿ ನಮ್ಮೂರಿನ ಕಣ್ಣಿಗೆ ಹಳೆಯ ಅಭ್ಯಾಸ ಇದೆ. ಡಿ. ಶಂಕರ್ ಸಿಂಗ್ ಮತ್ತು ಬಿ. ವಿಠಲಾಚಾರ್ಯ ಸೇರಿ ಕಟ್ಟಿದ ಮಹಾತ್ಮ ಪಿಕ್ಚರ್ಸ್ ಮೈಸೂರಿನದೇ. ಆಮೇಲೆ ವಿಠಲಾಚಾರ್ಯರು ಮಾಯೆ ಮಂತ್ರದ ಸಿನಿಮಾಗಳಿಂದಲೇ ತೆಲುಗು ನಾಡಿನಲ್ಲಿ ಮನೆಮಾತಾದರು. ಎದ್ದು ಕುಣಿಯುವ ಅಸ್ಥಿಪಂಜರ, ಮಾಯವಾಗುವ ಮನುಷ್ಯ, ಎಲ್ಲ ಕಡಿಮೆ ಖರ್ಚಿನಲ್ಲಿ. ಟ್ರಿಕ್ ಸೀನ್ ಹೇಗೆ ಮಾಡಿದ್ದಾರೆ ಅನ್ನುವುದು ಕಂಡರೂ ಬೇಜಾರಾಗದೆ ಖುಷಿಪಟ್ಟ ಪ್ರೇಕ್ಷಕರು ನಮ್ಮ ಅಜ್ಜ ಅಜ್ಜಿಯರು. ಕೆಟ್ಟ ಸೂಪರ್‌ಹೀರೋ ಸಿನಿಮಾ ನೋಡುವುದಕ್ಕೂ ಅದೇ ಮನಸ್ಸು ಬೇಕು.

ಮೂರನೆಯದು ಉದ್ದ. ಎಷ್ಟು ಗಂಟೆ ಅನ್ನುವುದಕ್ಕಿಂತ, ಏನೂ ಆಗದೆ ಎಷ್ಟು ಹೊತ್ತು ಎಳೆಯುತ್ತಾರೆ ಅನ್ನುವುದು ಮುಖ್ಯ. ನಾಲ್ಕನೆಯದು ಜೊತೆಗಾರರು. ಯಾವ ವಯಸ್ಸು, ಯಾವ ಭಾಷೆ, ಮಾತಾಡುತ್ತ ನೋಡುವವರಾ ಸುಮ್ಮನೆ ಕೂತು ನೋಡುವವರಾ? ದುಡ್ಡಿನ ವಿಷಯ ಇವೆಲ್ಲ ಆದಮೇಲೆ.

ಇಷ್ಟನ್ನು ಇಟ್ಟುಕೊಂಡು ಒಂದೊಂದೇ ಸಿನಿಮಾ ನೋಡೋಣ.

ನನ್ನ ಮೊದಲ ಆಯ್ಕೆ 1987ರ ಸೂಪರ್‌ಮ್ಯಾನ್ ನಾಲ್ಕನೇ ಭಾಗ. ಈ ಪಟ್ಟಿಯಲ್ಲಿ ಆಸೆ ಅನ್ನುವುದು ಇಷ್ಟು ಸ್ಪಷ್ಟವಾಗಿ ಕಾಣುವ ಸಿನಿಮಾ ಇನ್ನೊಂದಿಲ್ಲ. ಸೂಪರ್‌ಮ್ಯಾನ್ ಪಾತ್ರ ಮಾಡಿದ ಕ್ರಿಸ್ಟೋಫರ್ ರೀವ್‌ಗೆ ಅಣ್ವಸ್ತ್ರದ ಬಗ್ಗೆ ಸಿನಿಮಾ ಮಾಡಬೇಕಿತ್ತು. ಕಥೆ ಬರೆದವರ ಪಟ್ಟಿಯಲ್ಲಿ ಅವರ ಹೆಸರೂ ಇದೆ. ಒಬ್ಬ ಶಾಲಾ ಹುಡುಗ ಸೂಪರ್‌ಮ್ಯಾನ್‌ಗೆ ಕಾಗದ ಬರೆದು, ಜಗತ್ತಿನ ಅಣುಬಾಂಬುಗಳನ್ನೆಲ್ಲ ಇಲ್ಲವಾಗಿಸು ಅಂತ ಕೇಳುತ್ತಾನೆ. ಸೂಪರ್‌ಮ್ಯಾನ್ ಅಷ್ಟನ್ನೂ ದೊಡ್ಡ ಬಲೆಯೊಂದರಲ್ಲಿ ತುಂಬಿ ಸೂರ್ಯನತ್ತ ಎಸೆಯುತ್ತಾನೆ. ಶೀತಲ ಸಮರ ಇನ್ನೂ ಮುಗಿಯದ ಕಾಲದಲ್ಲಿ ಇದನ್ನು ಬರೆದವರ ಮನಸ್ಸು ದೊಡ್ಡದು ಅಲ್ವಾ?

ದುಡ್ಡು ಮಾತ್ರ ಅಷ್ಟು ದೊಡ್ಡದಿರಲಿಲ್ಲ. ಸಿನಿಮಾ ತಯಾರಿಸಿದ ಕ್ಯಾನನ್ ಸಂಸ್ಥೆ ಆ ಹೊತ್ತಿಗೆ ಕಷ್ಟದಲ್ಲಿತ್ತು. ಸುಮಾರು 36 ಮಿಲಿಯನ್ ಡಾಲರ್ ಅಂದುಕೊಂಡಿದ್ದ ಬಜೆಟ್ 17 ಮಿಲಿಯನ್‌ಗೆ ಇಳಿಯಿತು. ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಟ್ಟಡದ ಹೊರಗಿನ ದೃಶ್ಯವನ್ನು ಇಂಗ್ಲೆಂಡಿನ ಮಿಲ್ಟನ್ ಕೀನ್ಸ್ ಊರಿನ ರೈಲ್ವೆ ಸ್ಟೇಷನ್ ಮುಂದೆ ತೆಗೆದರು. ಇದು ಗೊತ್ತಿದ್ದು ನೋಡಿದರೆ ಆ ದೃಶ್ಯದ ಹಿಂದಿನ ಒದ್ದಾಟ ಅರ್ಥವಾಗುತ್ತದೆ.

ಹತ್ತಿರದಿಂದ ನೋಡಬೇಕಾದದ್ದು ಹಾರುವ ದೃಶ್ಯಗಳು. ಸೂಪರ್‌ಮ್ಯಾನ್ ನೇರ ಕ್ಯಾಮೆರಾದ ಕಡೆಗೆ ಹಾರಿ ಬರುವ ಒಂದು ಶಾಟ್ ಇದೆ. ಅದನ್ನೇ ಹಿನ್ನೆಲೆ ಬದಲಿಸಿ ಸಿನಿಮಾ ತುಂಬ ಮತ್ತೆ ಮತ್ತೆ ಬಳಸಿದ್ದಾರೆ. ಹಿಂದೆ ಒಮ್ಮೆ ಊರು, ಒಮ್ಮೆ ಆಕಾಶ. ಮುಖದ ಮೇಲಿನ ಬೆಳಕು ಮಾತ್ರ ಬದಲಾಗುವುದೇ ಇಲ್ಲ. ಸೂಪರ್‌ಮ್ಯಾನ್ ಮತ್ತು ಖಳ ಚಂದ್ರನ ಮೇಲೆ ಹೊಡೆದಾಡುವಾಗ ಇಬ್ಬರನ್ನೂ ಬಿಟ್ಟು ಹಿಂದಿನ ಕಪ್ಪು ಆಕಾಶ ನೋಡಿ. ಅದು ಬಟ್ಟೆ. ಮಡಿಕೆಗಳು ಕಾಣುತ್ತವೆ. ನಾಯಕಿಯರಲ್ಲಿ ಒಬ್ಬಳನ್ನು ಖಳ ಬಾಹ್ಯಾಕಾಶಕ್ಕೆ ಎತ್ತಿಕೊಂಡು ಹೋದಾಗ ಅವಳು ಉಸಿರಾಟಕ್ಕೆ ಏನೂ ಇಲ್ಲದೆ ಆರಾಮಾಗಿರುತ್ತಾಳೆ. ಒಡೆದ ಚೀನಾ ಗೋಡೆಯನ್ನು ಸೂಪರ್‌ಮ್ಯಾನ್ ಬರೀ ದೃಷ್ಟಿಯಿಂದಲೇ ಕಟ್ಟಿ ನಿಲ್ಲಿಸುತ್ತಾನೆ. ಮಕ್ಕಳಿಗೆ ಇದನ್ನೆಲ್ಲ ಹುಡುಕುವುದೇ ಆಟ.

ಇಷ್ಟರ ನಡುವೆಯೂ ರೀವ್ ಒಂದು ಕ್ಷಣ ಕೂಡ ಉದಾಸೀನವಾಗಿ ನಟಿಸಿಲ್ಲ. ಸುತ್ತ ಎಲ್ಲ ಕುಸಿಯುತ್ತಿದ್ದರೂ ಆ ಮನುಷ್ಯ ಸೂಪರ್‌ಮ್ಯಾನ್ ಆಗಿಯೇ ನಿಂತಿದ್ದಾರೆ. ನನಗೆ ಈ ಸಿನಿಮಾ ಇಷ್ಟವಾಗುವುದು ಅದಕ್ಕೇ. ಉದ್ದ ಸುಮಾರು ಒಂದೂವರೆ ಗಂಟೆ ಅಷ್ಟೆ. ತುಂಬಾ ಭಾಗ ಕತ್ತರಿಸಿ ಬಿಡುಗಡೆ ಮಾಡಿದ್ದರಿಂದ ಕಥೆ ಅಲ್ಲಲ್ಲಿ ಹಾರುತ್ತದೆ. ಆದರೆ ಎಳೆಯುವುದಿಲ್ಲ. ಕೊರತೆ ಒಂದೇ, ಹಳೆಯ ಸಿನಿಮಾದ ನಿಧಾನಕ್ಕೆ ಒಗ್ಗದ ಹದಿಹರೆಯದವರು ಮೊದಲ ಹದಿನೈದು ನಿಮಿಷದಲ್ಲೇ ಗೊಣಗಬಹುದು.

ಅಂಥವರಿಗೆ 1997ರ ಬ್ಯಾಟ್‌ಮ್ಯಾನ್ ಅಂಡ್ ರಾಬಿನ್ ಸರಿ. ಸೂಪರ್‌ಮ್ಯಾನ್‌ಗೆ ದುಡ್ಡಿಲ್ಲದೆ ಆದದ್ದು ಇಲ್ಲಿ ದುಡ್ಡು ಜಾಸ್ತಿಯಾಗಿ ಆಗಿದೆ. ಎಲ್ಲಿ ನೋಡಿದರೂ ನೀಲಿ, ಗುಲಾಬಿ, ಹಸಿರು ದೀಪ. ಬೂಟಿನಿಂದ ತಾನಾಗಿ ಹೊರಬರುವ ಸ್ಕೇಟಿಂಗ್ ಬ್ಲೇಡ್, ಬ್ಯಾಟ್‌ಮ್ಯಾನ್ ಹೆಸರಿನ ಕ್ರೆಡಿಟ್ ಕಾರ್ಡ್, ಇವೆಲ್ಲ ನಿಜವಾಗಿಯೂ ಇವೆ. ಆರ್ನಾಲ್ಡ್ ಶ್ವಾರ್ಜನೆಗರ್ ಮೈಗೆಲ್ಲ ಬೆಳ್ಳಿ ನೀಲಿ ಬಣ್ಣ ಬಳಿದುಕೊಂಡು, ಬಾಯಿ ತೆರೆದರೆ ಮಂಜುಗಡ್ಡೆಯ ಮೇಲೆ ಶ್ಲೇಷೆ ಹೊಡೆಯುವ ಖಳ. ಹೆಸರು ಹಾಕುವಾಗ ನಾಯಕ ಜಾರ್ಜ್ ಕ್ಲೂನಿಗಿಂತ ಅವರದೇ ಮೊದಲು ಬರುತ್ತದೆ. ಕ್ಲೂನಿ ಆಮೇಲೆ ಈ ಸಿನಿಮಾಕ್ಕಾಗಿ ಹಲವು ಸಲ ಬಹಿರಂಗವಾಗಿ ಕ್ಷಮೆ ಕೇಳಿದ್ದಾರೆ. ನಿರ್ದೇಶಕ ಜೋಯಲ್ ಶೂಮೇಕರ್ ಕೂಡ ಕೇಳಿದರು. ಆಟಿಕೆ ಮಾರಾಟವಾಗುವಂಥ ಸಿನಿಮಾ ಬೇಕು ಅನ್ನುವ ಒತ್ತಡ ಸ್ಟುಡಿಯೋದಿಂದ ಇತ್ತು ಅಂತಲೂ ಹೇಳಿದ್ದರು. ನೋಡುವಾಗ ಅದು ಕಾಣುತ್ತದೆ. ಅರ್ಧ ಗಂಟೆಗೊಮ್ಮೆ ಹೊಸ ಗಾಡಿ, ಹೊಸ ಉಡುಪು.

ನನ್ನ ಮೊದಲ ಮಾನದಂಡದಲ್ಲಿ ಇದಕ್ಕೆ ಅರ್ಧ ಅಂಕ. ನಿರ್ಮಾಪಕರಿಗೆ ಬೇಕಿದ್ದದ್ದು ಅಂಗಡಿ. ಆದರೆ ಸೆಟ್ ಕಟ್ಟಿದವರು, ಉಡುಪು ಹೊಲಿದವರು ಮನಸ್ಸಿಟ್ಟು ಕೆಲಸ ಮಾಡಿದ್ದಾರೆ. ಆ ದೈತ್ಯ ವಿಗ್ರಹಗಳನ್ನು ದೊಡ್ಡ ಪರದೆಯಲ್ಲಿ ನೋಡಿದರೆ ಕೈ ಮುಗಿಯಬೇಕು ಅನಿಸುತ್ತದೆ. ಎರಡು ಗಂಟೆ ದಾಟುತ್ತದೆ, ಬ್ಯಾಟ್‌ಮ್ಯಾನ್ ಮನೆಯ ಬಟ್ಲರ್ ಆಲ್ಫ್ರೆಡ್ ಕಾಯಿಲೆ ಬೀಳುವ ಭಾಗ ನಿಧಾನ. ಕಾಫಿಗೆ ಏಳುವುದಿದ್ದರೆ ಆಗ ಏಳಿ. ಇಂಗ್ಲಿಷ್ ಚೆನ್ನಾಗಿ ಬಾರದವರಿಗೆ ಅರ್ಧ ಮಜಾ ತಪ್ಪುತ್ತದೆ, ಯಾಕೆಂದರೆ ಆ ಶ್ಲೇಷೆಗಳು ಸಬ್‌ಟೈಟಲ್‌ಗೂ ಡಬ್ಬಿಂಗ್‌ಗೂ ಸಿಗುವುದಿಲ್ಲ. ಬಣ್ಣವಂತೂ ಎಲ್ಲರಿಗೂ ಸಿಗುತ್ತದೆ.

ಮನೆಯಲ್ಲಿ ದೊಡ್ಡವರಿದ್ದರೆ ನಾನು ಹೇಳುವುದು ಹಿಂದಿಯ ಎ ಫ್ಲೈಯಿಂಗ್ ಜಟ್. 2016ರದು, ರೆಮೋ ಡಿಸೋಜಾ ನಿರ್ದೇಶನ, ಟೈಗರ್ ಶ್ರಾಫ್ ನಾಯಕ. ಇಲ್ಲಿ ಹೀರೋಗೆ ಎತ್ತರ ಅಂದರೆ ಭಯ. ಹಾಗಾಗಿ ನೆಲಕ್ಕೆ ಹತ್ತಿರದಲ್ಲೇ ಹಾರುತ್ತಾನೆ. ಟ್ರಾಫಿಕ್ ಸಿಗ್ನಲ್ ಬಿದ್ದರೆ ಗಾಳಿಯಲ್ಲೇ ನಿಲ್ಲುತ್ತಾನೆ. ಅಮೃತಾ ಸಿಂಗ್ ಮಾಡಿರುವ ಅಮ್ಮನ ಪಾತ್ರಕ್ಕೆ ಮಗ ಜಗತ್ತನ್ನು ಉಳಿಸಬೇಕು, ಹಾಗೇ ಬರುವಾಗ ಸೋರೆಕಾಯಿಯನ್ನೂ ತರಬೇಕು. ಈ ಅಮ್ಮ ನಮ್ಮ ಸರಸ್ವತಿಪುರಂ ಅಮ್ಮಂದಿರಿಗೆ ಚೆನ್ನಾಗಿ ಅರ್ಥವಾಗುತ್ತಾಳೆ. ಹಿಂದಿ ಅಷ್ಟಕ್ಕಷ್ಟೆ ಅನ್ನುವವರೂ ಆ ದೃಶ್ಯಗಳಿಗೆ ನಕ್ಕೇ ನಗುತ್ತಾರೆ.

ಮೊದಲರ್ಧ ನಿಜಕ್ಕೂ ಚೆನ್ನಾಗಿದೆ. ಎರಡನೇ ಅರ್ಧದಲ್ಲಿ ಸಿನಿಮಾ ದಾರಿ ತಪ್ಪುತ್ತದೆ. ಕುಸ್ತಿಪಟು ನೇಥನ್ ಜೋನ್ಸ್ ಮಾಡಿರುವ ರಾಕಾ ಅನ್ನುವ ಖಳ ಮಾಲಿನ್ಯದಿಂದ ಶಕ್ತಿ ಪಡೆಯುತ್ತಾನೆ. ಹೊಗೆ, ಕಸ ಜಾಸ್ತಿಯಾದಷ್ಟೂ ಅವನು ಬಲಶಾಲಿ. ಹಾಗಾಗಿ ಮಾಲಿನ್ಯವೇ ಇಲ್ಲದ ಬಾಹ್ಯಾಕಾಶಕ್ಕೆ ಹೊಡೆದಾಟ ಹೋಗುತ್ತದೆ. ಯೋಚನೆ ಸರಿ, ಗ್ರಾಫಿಕ್ಸ್ ಮಾತ್ರ ಅದನ್ನು ಹೊರಲಾರದು. ಗಿಡ ಉಳಿಸಿ ಅನ್ನುವ ಉಪದೇಶ ಪದೇ ಪದೇ ಬರುತ್ತದೆ. ಆದರೆ ಹೇಳುವವರಿಗೆ ಅದರಲ್ಲಿ ನಂಬಿಕೆ ಇದೆ, ಅದು ಗೊತ್ತಾಗುತ್ತದೆ. ದೊಡ್ಡ ತೊಂದರೆ ಉದ್ದದ್ದು. ಎರಡೂವರೆ ಗಂಟೆ. ಹಾಡುಗಳನ್ನು ಓಡಿಸಿದರೆ ಪರವಾಗಿಲ್ಲ. ಖಳ ಉದ್ಯಮಿಯಾಗಿ ಕೆ.ಕೆ. ಮೆನನ್ ಇದ್ದಾರೆ. 2008ರ ದ್ರೋಣ ಸಿನಿಮಾದ ಖಳನೂ ಅವರೇ, ಅಭಿಷೇಕ್ ಬಚ್ಚನ್ ನಾಯಕ. ಅದನ್ನೂ ಹಾಕಬಹುದಾ ಅಂತ ಕೇಳುತ್ತಾರೆ. ಬೇಡ. ತನ್ನನ್ನು ತಾನು ತುಂಬಾ ಗಂಭೀರವಾಗಿ ತೆಗೆದುಕೊಂಡ ನಿಧಾನದ ಸಿನಿಮಾ ಅದು. ಮೆನನ್ ಒಬ್ಬರೇ ಎಷ್ಟು ಅಂತ ಎಳೆಯುತ್ತಾರೆ?

2004ರ ಕ್ಯಾಟ್‌ವುಮನ್ ದೊಡ್ಡವರ ಗುಂಪಿಗೆ. ಬ್ಯಾಟ್‌ಮ್ಯಾನ್ ಕಥೆಗಳಿಂದ ಈ ಹೆಸರು ಗೊತ್ತಿರುವವರು ಅವನು ಬರುತ್ತಾನೆ ಅಂತ ಕಾಯಬೇಡಿ, ಅವನಿಗೂ ಈ ಕಥೆಗೂ ಸಂಬಂಧ ಇಲ್ಲ. ಮುಖಕ್ಕೆ ಹಚ್ಚುವ ಕ್ರೀಮ್ ಇಲ್ಲಿ ಖಳ. ಆ ಕ್ರೀಮ್ ಹಚ್ಚಿ ಹಚ್ಚಿ ಶರೋನ್ ಸ್ಟೋನ್ ಪಾತ್ರದ ಚರ್ಮ ಕಲ್ಲಿನಷ್ಟು ಗಟ್ಟಿಯಾಗಿರುತ್ತದೆ. ನಾಯಕ ನಾಯಕಿ ಬಾಸ್ಕೆಟ್‌ಬಾಲ್ ಆಡುವ ಒಂದು ದೃಶ್ಯ ಇದೆ. ಎಷ್ಟು ಬೇಗ ಬೇಗ ಶಾಟ್ ಬದಲಾಗುತ್ತದೆ ಅಂದರೆ ಚೆಂಡು ಯಾರ ಕೈಯಲ್ಲಿದೆ ಅಂತ ಹೇಳಿ ನೋಡೋಣ. 2002ರಲ್ಲಿ ಆಸ್ಕರ್ ಗೆದ್ದಿದ್ದ ಹ್ಯಾಲಿ ಬೆರ್ರಿಗೆ ಈ ಸಿನಿಮಾಕ್ಕಾಗಿ ಕೆಟ್ಟ ನಟನೆಯ ರಾಝಿ ಪ್ರಶಸ್ತಿ ಬಂತು. ಅವರು 2005ರ ಸಮಾರಂಭಕ್ಕೆ ಸ್ವತಃ ಹೋಗಿ, ಕೈಯಲ್ಲಿ ಆಸ್ಕರ್ ಹಿಡಿದುಕೊಂಡೇ ಅದನ್ನು ತೆಗೆದುಕೊಂಡರು. ಸಿನಿಮಾ ಮುಗಿದ ಮೇಲೆ ಆ ಭಾಷಣದ ವಿಡಿಯೋ ಹುಡುಕಿ ನೋಡಿ. ಸೋಲನ್ನು ಅಷ್ಟು ಅಂತಃಕರಣದಿಂದ ಹೊತ್ತವರು ಕಡಿಮೆ.

ಹೊಸದರಲ್ಲಿ 2024ರ ಮೇಡಂ ವೆಬ್. ಇದರ ವಿಶೇಷ ಖಳನ ಬಾಯಿ. ಚಿತ್ರೀಕರಣ ಆದಮೇಲೆ ಅವನ ಸಂಭಾಷಣೆಯನ್ನು ಮತ್ತೆ ರೆಕಾರ್ಡ್ ಮಾಡಿ ಕೂರಿಸಿರುವುದು ಎದ್ದು ಕಾಣುತ್ತದೆ. ತುಟಿ ಒಂದು ಹೇಳುತ್ತದೆ, ಕಿವಿಗೆ ಇನ್ನೊಂದು ಬೀಳುತ್ತದೆ. ಎಷ್ಟೋ ಕಡೆ ಮಾತಾಡುವಾಗ ಅವನ ಮುಖವನ್ನೇ ತೋರಿಸುವುದಿಲ್ಲ. ಹಾಗಾಗಿ ಇದನ್ನು ಇಂಗ್ಲಿಷ್‌ನಲ್ಲೇ ನೋಡಬೇಕು. ಡಬ್ ಆದ ಭಾಷೆಯಲ್ಲಿ ಎಲ್ಲರ ತುಟಿಯೂ ತಪ್ಪಿರುತ್ತದೆ, ಈ ಮಜಾ ಅದರಲ್ಲಿ ಕಳೆದುಹೋಗುತ್ತದೆ. ನಾಯಕಿ ಕದ್ದ ಟ್ಯಾಕ್ಸಿಯಲ್ಲಿ ಊರೆಲ್ಲ ಓಡಾಡುತ್ತಾಳೆ, ಮಧ್ಯದಲ್ಲಿ ಪೆರು ದೇಶಕ್ಕೂ ಹೋಗಿ ಬರುತ್ತಾಳೆ. ಇಬ್ಬರು ಮೂವರು ಮಾತಾಡುತ್ತ ನೋಡುವುದಕ್ಕೆ ಒಳ್ಳೆಯದು. ಒಬ್ಬರೇ ಕೂತರೆ ನಿದ್ದೆ.

ಇನ್ನು ಬೇಡ ಅಂತ ನಾನು ಹೇಳುವವು. 2015ರ ಫೆಂಟಾಸ್ಟಿಕ್ ಫೋರ್‌ನಲ್ಲಿ ಹೀರೋಗಳಿಗೆ ಶಕ್ತಿ ಬರುವಷ್ಟರಲ್ಲಿ ಸಿನಿಮಾ ಅರ್ಧದ ಹತ್ತಿರ ಬಂದಿರುತ್ತದೆ. ಮತ್ತೆ ಚಿತ್ರೀಕರಿಸಿದ ದೃಶ್ಯಗಳಲ್ಲಿ ನಾಯಕಿಯ ಕೂದಲು ವಿಗ್ ಅಂತ ಗೊತ್ತಾಗುತ್ತದೆ, ಅದೊಂದು ಬಿಟ್ಟರೆ ಕತ್ತಲು. 2011ರ ಗ್ರೀನ್ ಲ್ಯಾಂಟರ್ನ್‌ನಲ್ಲಿ ಹೀರೋ ಹಾಕುವ ಉಡುಪೂ ಗ್ರಾಫಿಕ್ಸ್, ಮುಖವಾಡವೂ ಗ್ರಾಫಿಕ್ಸ್. ಕತ್ತು ಎಲ್ಲಿ ಮುಗಿದು ಉಡುಪು ಎಲ್ಲಿ ಶುರುವಾಗುತ್ತದೆ ಅಂತ ಹತ್ತು ನಿಮಿಷ ನೋಡಬಹುದು. ಹನ್ನೊಂದನೇ ನಿಮಿಷಕ್ಕೆ ಏನೂ ಇಲ್ಲ.

2022ರ ಮೋರ್ಬಿಯಸ್ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ಜಾಸ್ತಿ ಜನ ಕೇಳುವುದು ಇದನ್ನೇ. ಇದರ ಮೇಲೆ ಬಂದಷ್ಟು ಮೀಮ್ ಯಾವುದರ ಮೇಲೂ ಬಂದಿರಲಿಕ್ಕಿಲ್ಲ. ಅಷ್ಟು ಮಾತಾಡುತ್ತಿದ್ದಾರಲ್ಲ ಅಂತ ಅದೇ ಜೂನ್‌ನಲ್ಲಿ ಅಮೆರಿಕದ ಸಾವಿರಕ್ಕೂ ಹೆಚ್ಚು ಥಿಯೇಟರ್‌ಗಳಲ್ಲಿ ಮತ್ತೆ ಬಿಡುಗಡೆ ಮಾಡಿದರು. ಯಾರೂ ಬರಲಿಲ್ಲ. ಮೀಮ್ ನೋಡಿ ನಗುವುದು ಬೇರೆ, ಒಂದೂಮುಕ್ಕಾಲು ಗಂಟೆ ಕೂರುವುದು ಬೇರೆ. ಮೋರ್ಬಿಯಸ್ ನೋಡಿ ನಗಲು ಕೂತವರಿಗೆ ಸಿಗುವುದು ಬೂದು ಬಣ್ಣ ಮತ್ತು ಹೊಗೆ. ಮೀಮ್‌ಗಳಲ್ಲಿ ಇರುವ ತಮಾಷೆ ಸಿನಿಮಾದಲ್ಲಿ ಇಲ್ಲ.

ಎಲ್ಲಿ ನೋಡುವುದು? ಇಷ್ಟೂ ಹಳೆಯ ಸಿನಿಮಾಗಳಾದ್ದರಿಂದ ಮನೆಯೇ ಗತಿ. ಅದೇ ಒಳ್ಳೆಯದು ಕೂಡ. ಒಟಿಟಿಯಲ್ಲಿ ಸಿನಿಮಾಗಳು ಬರುತ್ತವೆ, ಹೋಗುತ್ತವೆ. ಕೂರುವ ದಿನ ಸಂಜೆ ಹುಡುಕುವುದು ಬೇಡ, ಹಿಂದಿನ ದಿನವೇ ಹಾಕಿ ಐದು ನಿಮಿಷ ಓಡಿಸಿ ನೋಡಿ. ಇಂಗ್ಲಿಷ್ ಜೊತೆಗೆ ಯಾವ ಯಾವ ಭಾಷೆ ಕೊಟ್ಟಿದ್ದಾರೆ, ಸಬ್‌ಟೈಟಲ್ ಇದೆಯಾ ನೋಡಿಕೊಳ್ಳಿ. ಚಂದಾ ಇಲ್ಲದಿದ್ದರೆ ಒಂದು ಸಿನಿಮಾಕ್ಕೋಸ್ಕರ ತಿಂಗಳ ಚಂದಾ ಕಟ್ಟುವ ಬದಲು ಆ ಒಂದನ್ನೇ ಬಾಡಿಗೆಗೆ ತೆಗೆದುಕೊಳ್ಳುವುದು ಅಗ್ಗ. ಮಕ್ಕಳಿದ್ದರೆ ಮೊದಲಲ್ಲಿ ತೋರಿಸುವ 7+, 13+, 16+ ಗುರುತನ್ನು ತಪ್ಪದೆ ನೋಡಿ.

ಹೊಸದಾಗಿ ಬಂದದ್ದನ್ನು ಚೆನ್ನಾಗಿಲ್ಲ ಅಂತ ಗೊತ್ತಿದ್ದೂ ಥಿಯೇಟರ್‌ನಲ್ಲಿ ನೋಡಬೇಕಾ? ಸಂಗಮ್, ಗಾಯತ್ರಿಯಂಥ ಥಿಯೇಟರ್‌ನಲ್ಲಿ ನಮ್ಮ ಸ್ಟಾರ್‌ಗಳ ಸಿನಿಮಾಕ್ಕೆ ಜನ ಶಿಳ್ಳೆ ಹೊಡೆಯುತ್ತ ನೋಡುವ ಸುಖವೇ ಬೇರೆ. ಆದರೆ ಹಾಲಿವುಡ್ ಸೂಪರ್‌ಹೀರೋ ಬರುವುದು ಹೆಚ್ಚಾಗಿ ಜಯಲಕ್ಷ್ಮೀಪುರಂನ ಹ್ಯಾಬಿಟ್ಯಾಟ್ ಮಾಲ್, ಮಾಲ್ ಆಫ್ ಮೈಸೂರು, ಇಂಥ ಕಡೆ. ಅಲ್ಲಿ ಪಕ್ಕದವರೂ ದುಡ್ಡು ಕೊಟ್ಟಿದ್ದಾರೆ. ಅವರು ಮನಸ್ಸಿಟ್ಟು ನೋಡುತ್ತಿರುವಾಗ ನಾವು ಜೋರಾಗಿ ಮಾತಾಡಿ ನಕ್ಕರೆ ಅದು ತಪ್ಪು. ಮಾತಾಡದೆ ನೋಡಬೇಕು ಅಂದರೆ ಕೆಟ್ಟ ಸಿನಿಮಾದ ಅರ್ಧ ಸಂತೋಷ ಹೋಯಿತು. ನೂರು ರೂಪಾಯಿಗಿಂತ ಮೇಲಿನ ಟಿಕೆಟ್‌ಗೆ 18% ಜಿಎಸ್‌ಟಿ ಬೇರೆ. ನಾಲ್ಕು ಜನರ ಟಿಕೆಟ್, ಪಾಪ್‌ಕಾರ್ನ್, ಪಾರ್ಕಿಂಗ್ ಸೇರಿಸಿದರೆ ಸಾವಿರ ದಾಟಲು ಕಷ್ಟವಿಲ್ಲ. ಹೋಗಲೇಬೇಕು ಅಂದರೆ ವಾರದ ದಿನದ ಬೆಳಗಿನ ಶೋಗೆ ಹೋಗಿ. ರೇಟೂ ಕಡಿಮೆ, ಜನರೂ ಕಡಿಮೆ. ಪರದೆ ದೊಡ್ಡದಿದ್ದರೆ ಲಾಭ ಇರುವ ಸಿನಿಮಾ, ಅಂದರೆ ಬ್ಯಾಟ್‌ಮ್ಯಾನ್ ಅಂಡ್ ರಾಬಿನ್ ತರಹ ಕಣ್ಣಿಗೆ ಹಬ್ಬ ಆಗುವಂಥದ್ದು ಅನಿಸಿದರೆ ಮಾತ್ರ. ಮೇಡಂ ವೆಬ್ ಜಾತಿಯದ್ದು ಅಂತ ಟ್ರೇಲರ್‌ನಲ್ಲೇ ಗೊತ್ತಾದರೆ ಒಟಿಟಿಗೆ ಬರುವವರೆಗೆ ಕಾಯಿರಿ.

ಹತ್ತು ವರ್ಷದೊಳಗಿನ ಮಕ್ಕಳ ಜೊತೆ ಸೂಪರ್‌ಮ್ಯಾನ್ ನಾಲ್ಕು. ಅಜ್ಜಿ ತಾತ ಇರುವ ಮನೆಗೆ ಫ್ಲೈಯಿಂಗ್ ಜಟ್, ಇಂಟರ್ವಲ್‌ಗೆ ನಿಲ್ಲಿಸಿ ಊಟ ಮಾಡಿ. ಕಾಲೇಜಿನ ಹುಡುಗರು ಹುಡುಗಿಯರಿಗೆ ಬ್ಯಾಟ್‌ಮ್ಯಾನ್ ಅಂಡ್ ರಾಬಿನ್. ಸಿನಿಮಾ ಮಾಡುವ ಆಸೆ ಇರುವವರು ಗುಂಪಿನಲ್ಲಿದ್ದರೆ ಕ್ಯಾಟ್‌ವುಮನ್ ಅಥವಾ ಮೇಡಂ ವೆಬ್. ಎಡಿಟಿಂಗ್, ಡಬ್ಬಿಂಗ್ ಅಂದರೆ ಏನು ಅಂತ ಒಳ್ಳೆಯ ಸಿನಿಮಾ ನೋಡಿದಾಗ ಗೊತ್ತಾಗುವುದಿಲ್ಲ. ಅದು ಕೈಕೊಟ್ಟಾಗ ಗೊತ್ತಾಗುತ್ತದೆ.

ಇನ್ನೂ ಎರಡರ ಮಧ್ಯೆ ಒದ್ದಾಡುತ್ತಿದ್ದರೆ ಚಿಕ್ಕದನ್ನೇ ಆರಿಸಿ. ಮಂಡ್ಯದಿಂದ ಯಾರಾದರೂ ಬರುವವರಿದ್ದರೆ ಇದು ಮುಖ್ಯ. ಸಂಜೆ ಐದೂವರೆಗೆ ಸೂಪರ್‌ಮ್ಯಾನ್ ಹಾಕಿದರೆ, ಮಧ್ಯೆ ಮದ್ದೂರು ವಡೆಗೂ ಕಾಫಿಗೂ ನಿಲ್ಲಿಸಿ, ಚಂದ್ರನ ಮೇಲಿನ ಪರದೆಯನ್ನು ಎರಡು ಸಲ ಹಿಂದಕ್ಕೆ ಓಡಿಸಿ ನೋಡಿದರೂ ಏಳೂವರೆ ಹೊತ್ತಿಗೆ ಮುಗಿಯುತ್ತದೆ. ಬಸ್ಸೋ ರೈಲೋ ಹಿಡಿದು ಊಟದ ಹೊತ್ತಿಗೆ ಅವರು ಮನೆ ಸೇರಬಹುದು.